ನದೀದೋಣಿಯ ಭಾರವೂ ನೀರಿನ ಆಳವೂ

ಮಾಜಾಳಿಯ ದಕ್ಷಿಣಕ್ಕೆ, ಸದಾಶಿವಗಡದ ಬುಡದಲ್ಲಿ ಕಾಳಿನದಿಯು ಅರಬ್ಬೀ ಸಮುದ್ರವನ್ನು ಸೇರುತ್ತದೆ. 2016ರ ರಾಷ್ಟ್ರೀಯ ಜಲಮಾರ್ಗ ಕಾಯಿದೆಯು ಈ ನದಿಯನ್ನು 52ನೆಯ ರಾಷ್ಟ್ರೀಯ ಜಲಮಾರ್ಗವೆಂದು ಸಾರಿದೆ. ಇಂತಹ ಮಾರ್ಗದಲ್ಲಿ ದೋಣಿಯೊಂದು ಎಷ್ಟು ಸರಕನ್ನು ಹೊರಬಲ್ಲದು?

ತೇಲುವ ದೋಣಿಯ ಒಟ್ಟು ತೂಕವು ಅದು ಸರಿಸಿದ ನೀರಿನ ತೂಕಕ್ಕೆ ಸಮ. 20 ಮೀಟರ್ ಉದ್ದ, 5 ಮೀಟರ್ ಅಗಲದ ಚಪ್ಪಟೆ ತಳದ ಬಾರ್ಜು ಸಿಹಿನೀರಿನಲ್ಲಿ 10 ಸೆಂಟಿಮೀಟರ್ ಹೆಚ್ಚು ಮುಳುಗಿದರೆ, ಸುಮಾರು 10 ಟನ್ ಸರಕು ಏರಿತೆಂದೇ ಅರ್ಥ. ಉಪ್ಪುನೀರು ಹೆಚ್ಚು ಸಾಂದ್ರವಾದುದರಿಂದ ಅಳಿವೆಯಲ್ಲಿ ಅದೇ ಬಾರ್ಜು ತುಸು ಮೇಲೆ ತೇಲುತ್ತದೆ.

ಇಂಗ್ಲೆಂಡಿನ ಕಿರುಗಾಲುವೆಗಳ ಲಾಕುಗಳು ಸುಮಾರು 7 ಅಡಿ ಅಗಲ. ಅಲ್ಲಿಯ ದೋಣಿಗೆ 25ರಿಂದ 30 ಟನ್ನೇ ಮಿತಿ. ಕೇರಳದ ದೊಡ್ಡ ಕೆಟ್ಟುವಳ್ಳಗಳೂ 30 ಟನ್ನಿನವರೆಗೆ ಹೊರುತ್ತಿದ್ದವು. ಫ್ರಾನ್ಸ್ ದೇಶವು 1879ರಲ್ಲಿ ಲಾಕುಗಳ ಅಳತೆಯನ್ನು ಏಕರೂಪಗೊಳಿಸಿತು. ಆ ಅಳತೆಯ 38.5 ಮೀಟರ್ ಉದ್ದದ ದೋಣಿಗಳು 250ರಿಂದ 400 ಟನ್ ಸಾಗಿಸಬಲ್ಲವು. ಲಾಕುಗಳ ಕಟ್ಟಿಲ್ಲದ ಗೋವೆಯ ಮಾಂಡವಿ, ಜುವಾರಿ ನದಿಗಳಲ್ಲಿ ಅದಿರಿನ ಬಾರ್ಜುಗಳ ಹೊರೆ ಸಾವಿರ ಟನ್ನನ್ನೂ ಮೀರುತ್ತದೆ.

ಕಾಳಿಯ ಅಳಿವೆಯಲ್ಲಿಯೂ ಲಾಕುಗಳಿಲ್ಲ. ಅಲ್ಲಿ ಮಿತಿಯನ್ನು ವಿಧಿಸುವುದು ಇಳಿತದ ವೇಳೆಯ ಆಳ. ದಾರಿಯಲ್ಲಿ 10 ಸೆಂಟಿಮೀಟರ್ ಹೂಳು ಕುಳಿತರೆ, ಮೇಲೆ ಹೇಳಿದ ಬಾರ್ಜು ಪ್ರತಿ ಸಲವೂ ಒಂದು ಲಾರಿಯ ಹೊರೆಯನ್ನು ದಡದಲ್ಲಿಯೇ ಬಿಟ್ಟು ಹೊರಡಬೇಕು. 2024ರ ಆಗಸ್ಟ್ 7ರಂದು ಕಾಳಿಯ ಹಳೆಯ ಸೇತುವೆ ಕುಸಿದಾಗ, ಒಂದೇ ದಾರಿಯನ್ನು ನೆಚ್ಚುವ ಕಷ್ಟವು ಎರಡು ದಡದ ಜನರಿಗೂ ಅರಿವಾಯಿತು. ಜಲಮಾರ್ಗವೆಂಬ ಹೆಸರು ಸಾರ್ಥಕವಾಗುವುದು ಆಳವನ್ನು ಅಳೆದು ಕಾಪಾಡಿದಾಗ ಮಾತ್ರ.