ಹೊಳೆಯುವ ಪಿಸ್ತೂಲು, ದಪ್ಪ ಗುಂಡು: ಸ್ಟೇನ್‌ಲೆಸ್ ಸ್ಟೀಲ್ '45'ರ ಒಳಗೇನಿದೆ?

1984ರ 'ದಿ ಟರ್ಮಿನೇಟರ್' ನೋಡಿದವರಿಗೆ ಅರ್ನಾಲ್ಡ್ ಶ್ವಾರ್ಜ್‌ನೆಗರ್ ಕೈಯಲ್ಲಿದ್ದ, ಕೆಂಪು ಲೇಸರ್ ಕಿರಣ ಬಿಡುವ ಬೆಳ್ಳಿ ಬಣ್ಣದ ಉದ್ದನೆಯ ಪಿಸ್ತೂಲು ನೆನಪಿರಬಹುದು. ಅದು ಅಮೆರಿಕದ ಎಎಂಟಿ ಕಂಪನಿಯ 'ಹಾರ್ಡ್‌ಬಾಲರ್'. ಜಾನ್ ಬ್ರೌನಿಂಗ್ ವಿನ್ಯಾಸದ ಪ್ರಸಿದ್ಧ 1911 ಮಾದರಿಯನ್ನು ಪೂರ್ತಿಯಾಗಿ ಸ್ಟೇನ್‌ಲೆಸ್ ಸ್ಟೀಲ್‌ನಲ್ಲಿ ಮೊದಲು ತಯಾರಿಸಿದ್ದು ಇದೇ ಕಂಪನಿ, 1977ರಲ್ಲಿ.

ಸ್ಟೇನ್‌ಲೆಸ್ ಏಕೆ ಬೇಕಾಯಿತು? ಪಿಸ್ತೂಲು ಮೈಗೆ ತಾಗಿಕೊಂಡೇ ಇರುತ್ತದೆ. ಬೆವರಿನ ಉಪ್ಪಿಗೆ ಸಾಮಾನ್ಯ ಉಕ್ಕು ಬೇಗ ತುಕ್ಕು ಹಿಡಿಯುತ್ತದೆ. ಸ್ಟೇನ್‌ಲೆಸ್ ಸ್ಟೀಲ್‌ನಲ್ಲಿ ಕನಿಷ್ಠ ಶೇ. 10.5ರಷ್ಟು ಕ್ರೋಮಿಯಂ ಇರುತ್ತದೆ. ಅದು ಗಾಳಿಯ ಆಮ್ಲಜನಕದ ಜತೆ ಸೇರಿ ಮೇಲ್ಮೈಯಲ್ಲಿ ತೆಳುವಾದ ರಕ್ಷಾಪೊರೆ ಕಟ್ಟುತ್ತದೆ. ಹಾಗಂತ ತುಕ್ಕು ಹಿಡಿಯುವುದೇ ಇಲ್ಲ ಎಂದಲ್ಲ, ತಡವಾಗಿ ಹಿಡಿಯುತ್ತದೆ ಅಷ್ಟೇ.

ಆದರೆ ಈ ಲೋಹ ಹೊಸ ತಲೆನೋವನ್ನೂ ತಂದಿತು. ಗುಂಡು ಹಾರಿದಾಗಲೆಲ್ಲ ಪಿಸ್ತೂಲಿನ ಮೇಲಿನ ಭಾಗವಾದ ಸ್ಲೈಡ್, ಕೆಳಗಿನ ಚೌಕಟ್ಟಿನ ಮೇಲೆ ರಭಸದಿಂದ ಹಿಂದೆ ಮುಂದೆ ಜಾರುತ್ತದೆ. ಎರಡೂ ಒಂದೇ ಬಗೆಯ ಸ್ಟೇನ್‌ಲೆಸ್ ಆಗಿದ್ದರೆ ಉಜ್ಜಿದ ಜಾಗದಲ್ಲಿ ಪೊರೆ ಹರಿದು, ಲೋಹಕ್ಕೆ ಲೋಹ ಅಂಟಿಕೊಂಡು ಕಿತ್ತುಬರುತ್ತದೆ. ಆರಂಭದ ಸ್ಟೇನ್‌ಲೆಸ್ ಪಿಸ್ತೂಲುಗಳು ಇದರಿಂದಲೇ ಹೆಸರು ಕೆಡಿಸಿಕೊಂಡವು. ಎರಡು ಭಾಗಗಳಿಗೆ ಬೇರೆ ಬೇರೆ ಗಡಸುತನದ ಉಕ್ಕು ಬಳಸಲು ಕಲಿತ ಮೇಲೆ ಸಮಸ್ಯೆ ಬಹುಮಟ್ಟಿಗೆ ಬಗೆಹರಿಯಿತು. ಆದರೂ ಎಣ್ಣೆ ಹಚ್ಚುವುದನ್ನು ಮರೆಯುವಂತಿಲ್ಲ.

ಇನ್ನು ಗುಂಡಿನ ವಿಚಾರ. '45' ಎಂದರೆ 0.45 ಇಂಚು, ಅಂದರೆ ಸುಮಾರು 11.5 ಮಿ.ಮೀ. ದಪ್ಪ. 45 ಎಸಿಪಿ ಎಂಬ ಈ ಕಾಡತೂಸೂ ಬ್ರೌನಿಂಗ್ ಅವರದ್ದೇ. ಫಿಲಿಪ್ಪೀನ್ಸ್ ಕಾಳಗಗಳಲ್ಲಿ 38ರ ರಿವಾಲ್ವರ್ ಸಾಲದೆ ಹೋಗಿದ್ದರಿಂದ ಅಮೆರಿಕ ಸೇನೆ ದಪ್ಪ ಗುಂಡು ಕೇಳಿತ್ತು. ಇದರ ಸಾಂಪ್ರದಾಯಿಕ ಗುಂಡು ಸುಮಾರು 15 ಗ್ರಾಂ ತೂಗುತ್ತದೆ. 9 ಎಂಎಂ ಗುಂಡಿನ ತೂಕ ಅದರ ಅರ್ಧದಷ್ಟು. ತಾಮ್ರದ ಕವಚದ ಈ ಗುಂಡಿಗೆ ಅಲ್ಲಿನ ಶೂಟರ್‌ಗಳು ಇಟ್ಟ ಹೆಸರು 'ಹಾರ್ಡ್‌ಬಾಲ್'. ವೇಗ ಸೆಕೆಂಡಿಗೆ ಸುಮಾರು 255 ಮೀಟರ್, ಶಬ್ದದ ವೇಗಕ್ಕಿಂತ ಕಡಿಮೆ. ದಪ್ಪವಾದ್ದರಿಂದ 1911ರ ಮೂಲ ಮ್ಯಾಗಜಿನ್‌ನಲ್ಲಿ ಹಿಡಿಸುವುದು ಏಳೇ.

ಭಾರತದಲ್ಲಿ 9 ಎಂಎಂ ಸಾಮಾನ್ಯ ನಾಗರಿಕರಿಗೆ ನಿಷೇಧಿತ ಬೋರ್. ಪರವಾನಗಿದಾರರ ಬಳಿ ಹೆಚ್ಚಾಗಿ ಕಾಣುವುದು ಸಣ್ಣ 32ರ ಪಿಸ್ತೂಲು. ಬೋರ್ ಯಾವುದೇ ಇರಲಿ, ಸೆಮಿ ಆಟೋಮ್ಯಾಟಿಕ್ ಎಂದರೆ ಕೆಲಸದ ಕ್ರಮ ಒಂದೇ: ಒಮ್ಮೆ ಟ್ರಿಗರ್ ಒತ್ತಿದರೆ ಒಂದೇ ಗುಂಡು. ಆದರೆ ಸ್ಲೈಡ್ ಹಿಂದಕ್ಕೆ ಹೋಗಿ ಖಾಲಿ ಕೋಶವನ್ನು ಹೊರಗೆಸೆದು, ಮುಂದೆ ಬರುವಾಗ ಮ್ಯಾಗಜಿನ್‌ನಿಂದ ಮುಂದಿನ ಕಾಡತೂಸನ್ನು ನಳಿಕೆಯ ಬುಡದ ಛೇಂಬರಿಗೆ ತಾನೇ ತಳ್ಳುತ್ತದೆ.

ಅಪಾಯ ಅಡಗಿರುವುದು ಇಲ್ಲೇ. ರಿವಾಲ್ವರ್‌ನ ಸಿಲಿಂಡರ್ ಹೊರಕ್ಕೆ ತೆರೆದರೆ ಎಲ್ಲ ಗುಂಡುಗಳೂ ಕಣ್ಣಿಗೆ ಕಾಣುತ್ತವೆ. ಪಿಸ್ತೂಲಿನಲ್ಲಿ ಹಾಗಲ್ಲ. ಮ್ಯಾಗಜಿನ್ ಕಳಚಿ ಕಪಾಟಿನಲ್ಲಿಟ್ಟು 'ಖಾಲಿ ಇದೆ' ಎಂದು ನಿಶ್ಚಿಂತೆಯಾಗಿದ್ದರೂ ಛೇಂಬರಿನಲ್ಲಿ ಒಂದು ಗುಂಡು ಉಳಿದಿರಬಹುದು. ಮ್ಯಾಗಜಿನ್ ಇಲ್ಲದಾಗ ಟ್ರಿಗರ್ ತಡೆಯುವ ವ್ಯವಸ್ಥೆ ಕೆಲವು ಪಿಸ್ತೂಲುಗಳಲ್ಲಿದೆ. ಮೂಲ 1911ರಲ್ಲಿ ಅದಿಲ್ಲ. ಹಾಗಾಗಿ ಮೊದಲು ಮ್ಯಾಗಜಿನ್ ತೆಗೆಯಬೇಕು, ಆಮೇಲೆ ಸ್ಲೈಡ್ ಎಳೆದು ಛೇಂಬರನ್ನು ಕಣ್ಣಾರೆ ನೋಡಬೇಕು. ಈ ಕ್ರಮ ತಿರುವುಮುರುವಾದರೆ ಸ್ಲೈಡ್ ಒಂದು ಗುಂಡನ್ನು ಹೊರಹಾಕಿ, ಕೂಡಲೇ ಮತ್ತೊಂದನ್ನು ಒಳಗೆ ತುಂಬಿಬಿಡುತ್ತದೆ.