ಭಾರದ ಆಸಾಮಿ, ಬಡಕಲು ಚಕ್ರ!

ಮೈಸೂರು: ಕುವೆಂಪುನಗರದ ಆ ಗುಮಾಸ್ತರ ತೂಕ 115 ಕಿಲೋ. ವಯಸ್ಸು 44. ಸಕ್ಕರೆ ಕಾಯಿಲೆ ಹೊಸ್ತಿಲಿಗೆ ಬಂದು ನಿಂತಿದೆ. "ಓಡೋದು ಬೇಡ, ಮಂಡಿ ಕೆಡುತ್ತೆ. ಸೈಕಲ್ ತುಳೀರಿ" ಅಂದರು ಡಾಕ್ಟರು. ಸರಿ, ಹಬ್ಬದ ಮುಂಗಡ ಎತ್ತಿಕೊಂಡು ಅಂಗಡಿಗೆ ಹೋದರು. ಅಲ್ಲಿನ ಹುಡುಗ ಮುಂದೆ ತಂದು ನಿಲ್ಲಿಸಿದ್ದು ಕಣ್ಣು ಕುಕ್ಕುವ ಗೇರ್ ಸೈಕಲ್ಲು. ದಪ್ಪ ಟಯರು, 21 ಗೇರು, ಮುಂದೊಂದು ಸ್ಪ್ರಿಂಗು, ಸೀಟಿನ ಕೆಳಗೆ ಇನ್ನೊಂದು ಸ್ಪ್ರಿಂಗು.

"ಬೆಟ್ಟ ಹತ್ತೋ ಸೈಕಲ್ ಸಾರ್ ಇದು. ನಿಮ್ಮಂಥೋರಿಗೇ ಮಾಡಿರೋದು."

14 ಸಾವಿರ ಎಣಿಸಿ ಕೊಟ್ಟು ಮನೆಗೆ ತಂದರು. ದಿನಾ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಕಡೆ ಹೋಗಿ ಬರುವುದು ರೂಢಿಯಾಯಿತು. ಆರನೇ ವಾರ, ಲಲಿತಮಹಲ್ ರಸ್ತೆಯಲ್ಲಿ ಹೋಗುತ್ತಿದ್ದಾಗ 'ಟಣ್' ಅಂತ ಒಂದು ಸದ್ದು. ಹಿಂದಿನ ಚಕ್ರದ ಕಡ್ಡಿ ಮುರಿದಿತ್ತು. ರಿಮ್ಮು ವಾಲಾಡಿ ಬ್ರೇಕಿಗೆ ಉಜ್ಜತೊಡಗಿತು. ತಳ್ಳಿಕೊಂಡೇ ಮನೆಗೆ ಬಂದರು. ಅಂಗಡಿಯವರು ಒಂದು ಕಡ್ಡಿ ಹಾಕಿಕೊಟ್ಟರು. ವಾರ ಕಳೆದ ಮೇಲೆ ಎರಡು ಹೋದವು. ಆಮೇಲೆ ಮೂರು. ನಾಲ್ಕನೇ ಸಲ ಹೋದಾಗ ಹುಡುಗ ನಕ್ಕ.

"ಸಾರ್, ಮೊದ್ಲು ನೀವು ಸ್ವಲ್ಪ ಇಳೀಬೇಕು. ಆಮೇಲೆ ಸೈಕಲ್."

ಇಳಿಯೋದಕ್ಕೇ ತಾನೇ ಸ್ವಾಮಿ ಸೈಕಲ್ ಕೊಂಡದ್ದು! ಅಂಗಡಿ ತುಂಬ ಗಿರಾಕಿಗಳಿದ್ದರು. ಗುಮಾಸ್ತರು ಮಾತಾಡದೆ ಹೊರಗೆ ಬಂದರು. ಸೈಕಲ್ಲು ಎರಡು ತಿಂಗಳು ಜಗುಲಿಯ ಮೇಲೆ ನಿಂತಿತು. ಅದರ ಹ್ಯಾಂಡಲ್ ಮೇಲೆ ಮನೆಯವರು ಟವೆಲು ಒಣಗಿಸಿದರು.

ತಪ್ಪು ಯಾರದು?

ಕೊನೆಗೆ ಭಾವಮೈದುನ ಅದನ್ನು ಮಂಡಿ ಮೊಹಲ್ಲದ ಒಂದು ಗಲ್ಲಿಗೆ ತಳ್ಳಿಕೊಂಡು ಹೋದ. ಗುಮಾಸ್ತರೂ ಜೊತೆಗೆ ಹೋದರು. ಅಲ್ಲಿ ಒಬ್ಬ ಮುದುಕ ಸಾಬರಿದ್ದಾರೆ. ಅಂಗಡಿಗೆ ಬೋರ್ಡು ಇಲ್ಲ. ಗೇರನ್ನಾಗಲಿ, ಸ್ಪ್ರಿಂಗನ್ನಾಗಲಿ ಅವರು ನೋಡಲೇ ಇಲ್ಲ. ಸೈಕಲ್ಲು ತಲೆಕೆಳಗು ಮಾಡಿ, ಹಿಂದಿನ ಚಕ್ರದ ಕಡ್ಡಿಗಳನ್ನು ಒಂದೊಂದಾಗಿ ಬೆರಳಿನಿಂದ ಮೀಟಿದರು, ವೀಣೆಯ ಶ್ರುತಿ ನೋಡೋ ಹಾಗೆ. ಬಲಗಡೆಯವು ಟಿಂಗ್ ಅಂದವು. ಎಡಗಡೆಯವು ಒಂದು ಡುಬ್, ಒಂದು ಟುಂಯ್, ಇನ್ನೊಂದಕ್ಕೆ ಸದ್ದೇ ಇಲ್ಲ.

"ಕಡ್ಡಿ ಮುರಿದದ್ದು ನಿಮ್ಮ ಭಾರಕ್ಕಲ್ಲ ಸ್ವಾಮಿ. ಸಡಿಲಕ್ಕೆ" ಅಂದರು ಸಾಬರು.

ಭಾರ ಬಿದ್ದರೆ ಕಡ್ಡಿ ಮುರಿಯುತ್ತದೆ ಎಂದೇ ಎಲ್ಲರೂ ತಿಳಿದಿರುವುದು. ನಿಜ ಬೇರೆ ಇದೆ. ಕ್ಯಾಲಿಫೋರ್ನಿಯಾದ ಇಂಜಿನಿಯರು ಜಾಬ್ಸ್ಟ್ ಬ್ರಾಂಟ್ 1981ರಲ್ಲಿ ಸೈಕಲ್ ಚಕ್ರದ ಮೇಲೆಯೇ ಒಂದು ಪುಸ್ತಕ ಬರೆದು ಇದನ್ನು ಲೆಕ್ಕ ಹಾಕಿ ತೋರಿಸಿದರು. ಸವಾರ ಕುಳಿತಾಗ ನೆಲದ ಕಡೆ ಇರುವ ಕೆಲವು ಕಡ್ಡಿಗಳ ಬಿಗಿ ಕಡಿಮೆಯಾಗುತ್ತದೆ. ಉಳಿದವುಗಳಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಇಲ್ಲ. ಮೊದಲೇ ಚೆನ್ನಾಗಿ ಬಿಗಿದಿದ್ದ ಕಡ್ಡಿ ಸ್ವಲ್ಪ ಸಡಿಲಗೊಂಡು ಮತ್ತೆ ಬಿಗಿಯಾಗುತ್ತದೆ, ತೊಂದರೆಯಿಲ್ಲ. ಮೊದಲೇ ಸಡಿಲವಿದ್ದದ್ದು ಪೂರಾ ಜೋಲು ಬಿದ್ದು, ಹಬ್ಬಿನ ತೂತಿನಲ್ಲಿ ಅಲುಗಾಡಿ, ಬಗ್ಗಿದ ಜಾಗದಲ್ಲಿ ದಣಿಯುತ್ತದೆ. ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿ ಬಗ್ಗಿಸಿ ಮುರಿಯುತ್ತೇವಲ್ಲ, ಹಾಗೆ. 26 ಇಂಚಿನ ಚಕ್ರ ಕಿಲೋಮೀಟರಿಗೆ ಸುಮಾರು 480 ಸುತ್ತು ಸುತ್ತುತ್ತದೆ. ದಿನಕ್ಕೆ 10 ಕಿಲೋಮೀಟರು ಅಂದರೂ 4,800 ಸಲ ಈ ಬಗ್ಗಾಟ. ಎಷ್ಟು ದಿನ ತಡೆದೀತು?

ಸವಾರನ ಭಾರದಲ್ಲಿ ಅರ್ಧಕ್ಕಿಂತ ಹೆಚ್ಚು ಬೀಳುವುದು ಹಿಂದಿನ ಚಕ್ರದ ಮೇಲೆ. ಸಾಲದ್ದಕ್ಕೆ ಅಲ್ಲಿ ಬಲಗಡೆ ಗೇರಿನ ಹಲ್ಲುಚಕ್ರಗಳ ರಾಶಿ. ಅದಕ್ಕೆ ಜಾಗ ಬಿಡಲು ಬಲಗಡೆ ಕಡ್ಡಿಗಳು ನೆಟ್ಟಗೆ ಬಿಗಿಯಾಗಿ, ಎಡಗಡೆಯವು ಓರೆಯಾಗಿ ಸಡಿಲವಾಗಿ ನಿಲ್ಲುತ್ತವೆ. ಅಗ್ಗದ ಸೈಕಲ್ಲುಗಳ ಚಕ್ರವನ್ನು ಯಂತ್ರ ಕಟ್ಟುತ್ತದೆ. ಯಂತ್ರ ಕಟ್ಟಿದ್ದನ್ನು ಅಂಗಡಿಯಲ್ಲಿ ಇನ್ನೊಂದು ಸಲ ಬಿಗಿದು ಸರಿಮಾಡಿ ಕೊಡಬೇಕು. ಯಾರು ಕೊಡುತ್ತಾರೆ? ಹ್ಯಾಂಡಲ್ ತಿರುಗಿಸಿ, ಗಾಳಿ ಹೊಡೆದು, ಬೆಲ್ ಬಾರಿಸಿ ಕಳಿಸುತ್ತಾರೆ.

ಹಾಲಿನವನ 40 ಕಡ್ಡಿ

ಸಾಬರ ಅಂಗಡಿ ಮುಂದೆಯೇ ಒಬ್ಬ ಹಾಲಿನವನ ಹಳೇ ಕರಿ ಸೈಕಲ್ಲು ನಿಂತಿತ್ತು. "ಎಣಿಸಿ" ಅಂದರು. ಗುಮಾಸ್ತರು ಎಣಿಸಿದರು. ಮುಂದೆ 32 ಕಡ್ಡಿ, ಹಿಂದೆ 40! ಬ್ರಿಟಿಷರ ಕಾಲದ ಲೆಕ್ಕ ಅದು. ಭಾರ ಹಿಂದೆ ಬೀಳುತ್ತದೆ, ಕಡ್ಡಿಯೂ ಹಿಂದೆ ಜಾಸ್ತಿ ಇರಲಿ ಎಂಬ ಸರಳ ಬುದ್ಧಿ. 20 ಲೀಟರಿನ ಎರಡು ಕ್ಯಾನು ಕಟ್ಟಿಕೊಂಡು ಇವು ವರ್ಷಗಟ್ಟಲೆ ಓಡುತ್ತವೆ. ತುಂಬಿದ ಗ್ಯಾಸ್ ಸಿಲಿಂಡರು ಒಂದೊಂದು ಸುಮಾರು 30 ಕಿಲೋ, ಅಂಥ ಎರಡನ್ನು ನೇತುಹಾಕಿಕೊಂಡು ಹೋದರೂ ಚಕ್ರ ಅಳುಕುವುದಿಲ್ಲ. (ಈ ಜಾತಿಯ ಸೈಕಲ್ಲಿಗೆ ಹೆಸರಾಗಿದ್ದ ಅಟ್ಲಾಸ್ ಕಂಪೆನಿಯ ಸಾಹಿಬಾಬಾದ್ ಕಾರ್ಖಾನೆ ಕೆಲಸ ನಿಲ್ಲಿಸಿದ್ದು 2020ರ ಜೂನ್ 3ರಂದು. ಅವತ್ತು ವಿಶ್ವ ಸೈಕಲ್ ದಿನ!)

ಹಾಗಾದರೆ ದಪ್ಪಗಿರುವವರು ಹಾಲಿನವನ ಸೈಕಲ್ಲನ್ನೇ ಕೊಂಡರಾಯಿತಲ್ಲ? ಸಮತಟ್ಟು ರಸ್ತೆಗೆ ಧಾರಾಳವಾಗಿ ಕೊಳ್ಳಬಹುದು. ಆದರೆ ಅದಕ್ಕೆ ಗೇರಿಲ್ಲ. ಏರಿನಲ್ಲಿ 115 ಕಿಲೋ ಎಳೆಯಲು ಮಂಡಿ ಒಪ್ಪುವುದಿಲ್ಲ. ಮಳೆಯಲ್ಲಿ ಅದರ ಸ್ಟೀಲ್ ರಿಮ್ಮಿಗೆ ಬ್ರೇಕು ಹಿಡಿಯುವುದೂ ಅಷ್ಟಕ್ಕಷ್ಟೆ. ಚಾಮುಂಡಿ ಬೆಟ್ಟ ಹತ್ತಿ ಇಳಿಯುವ ಆಸೆ ಇದ್ದವರಿಗೆ ಬೆಟ್ಟದ ಸೈಕಲ್ಲೇ ಸರಿ. ಇಳಿಜಾರಿನಲ್ಲಿ ಭಾರದ ಮನುಷ್ಯನನ್ನು ತಡೆಯುವುದು ಸಾಮಾನ್ಯ ಕೆಲಸವಲ್ಲವಾದ್ದರಿಂದ ಒಳ್ಳೆಯ ಡಿಸ್ಕ್ ಬ್ರೇಕು ಇದ್ದರೆ ಮೇಲು.

ಸಾಬರ ಪ್ರಕಾರ ಮೊದಲು ಬಿಡಬೇಕಾದದ್ದು ಸೀಟಿನ ಕೆಳಗಿನ ಸ್ಪ್ರಿಂಗು. ಅಗ್ಗದ ಸೈಕಲ್ಲಿನಲ್ಲಿ ಅದು ಬರೀ ತೂಕ. ತುಳಿದ ಶಕ್ತಿಯೆಲ್ಲ ಕುಪ್ಪಳಿಸುವುದರಲ್ಲೇ ಹೋಗುತ್ತದೆ, ಕೀಲು ಬೇಗ ಸವೆಯುತ್ತದೆ. ಮುಂದಿನ ಸ್ಪ್ರಿಂಗೂ ಇಲ್ಲದ ಗಟ್ಟಿ ಫೋರ್ಕು ಸಿಕ್ಕರೆ ಇನ್ನೂ ವಾಸಿ. ಉಳಿದ ದುಡ್ಡನ್ನು ಚಕ್ರಕ್ಕೆ ಹಾಕಬೇಕು. ಎರಡು ಗೋಡೆಯ ಅಲ್ಯೂಮಿನಿಯಂ ರಿಮ್ಮು, ಹಿಂದೆ 32ಕ್ಕೆ ಕಡಿಮೆಯಿಲ್ಲದ, ಆದರೆ 36 ಕಡ್ಡಿ. ಇನ್ನು ಹಬ್ಬು. ತಿರುಪಿನ ಫ್ರೀವೀಲ್ ಇರುವ ಹಬ್ಬಿನಲ್ಲಿ ಬಲಗಡೆ ಬೇರಿಂಗು ಬಹಳ ಒಳಗಿರುತ್ತದೆ, ಆಕ್ಸಲ್ ಆಸರೆಯಿಲ್ಲದೆ ಬಗ್ಗುತ್ತದೆ. ಗುಮಾಸ್ತರದೂ ಬಗ್ಗಿತ್ತು. ಕ್ಯಾಸೆಟ್ ಹಬ್ಬಿನಲ್ಲಿ ಬೇರಿಂಗು ತುದಿಗೆ ಬರುವುದರಿಂದ ಈ ಕಾಟ ಕಡಿಮೆ. ಹೊಸದು ಕೊಳ್ಳುವವರು ಇದನ್ನು ಬಾಯಿಬಿಟ್ಟು ಕೇಳಬೇಕು.

ಕಂಪೆನಿಯ ಪುಸ್ತಕವನ್ನೂ ಓದಬೇಕು. ಹಲವರು ಗರಿಷ್ಠ ತೂಕ ಬರೆದಿರುತ್ತಾರೆ, 100 ಕಿಲೋ, 120 ಕಿಲೋ ಹೀಗೆ. ಕೆಲವರದು ಸವಾರನ ತೂಕ ಮಾತ್ರ, ಕೆಲವರದು ಸೈಕಲ್ಲು, ಚೀಲ ಎಲ್ಲ ಸೇರಿ. ಗುಮಾಸ್ತರ ಸೈಕಲ್ಲಿನ ಪುಸ್ತಕದಲ್ಲಿ 100 ಎಂದು ಅಚ್ಚಾಗಿತ್ತು. ಅದನ್ನು ಮಾರುವವನೂ ಓದಿರಲಿಲ್ಲ, ಕೊಂಡವರೂ ಓದಿರಲಿಲ್ಲ. ಗಾಳಿಯ ವಿಷಯ ಕೇಳಲೇ ಬೇಡಿ. 60 ಕಿಲೋದವರಿಗೆ ಹೊಡೆಯುವಷ್ಟೇ ಗಾಳಿ ಇವರಿಗೂ ಹೊಡೆದಿದ್ದರು. ಗುಂಡಿಗೆ ಇಳಿದಾಗ ಟ್ಯೂಬು ರಿಮ್ಮಿಗೆ ಸಿಕ್ಕಿ ಅಕ್ಕಪಕ್ಕ ಎರಡು ತೂತು! ಟಯರಿನ ಪಕ್ಕದಲ್ಲಿ ಬರೆದ ಮಿತಿಯ ಒಳಗೇ, ಭಾರದವರಿಗೆ ಸ್ವಲ್ಪ ಹೆಚ್ಚು ಹೊಡೆಯಬೇಕು.

ಒಂದು ಚಕ್ರದಲ್ಲಿ ಮೂರ್ನಾಲ್ಕು ಕಡ್ಡಿ ಹೋದ ಮೇಲೆ ಒಂದೊಂದೇ ಹಾಕುತ್ತಾ ಕೂರುವುದು ದಂಡ, ಉಳಿದವೂ ಅಷ್ಟೇ ದಣಿದಿರುತ್ತವೆ. ಸಾಬರು ಎಲ್ಲ ಬಿಚ್ಚಿ ಹೊಸ ರಿಮ್ಮು, 14 ಗೇಜಿನ 36 ಕಡ್ಡಿ, ಹೊಸ ಆಕ್ಸಲ್ ಹಾಕಿ ಕಟ್ಟಿದರು. ಒಂದು ಮಧ್ಯಾಹ್ನ ಪೂರಾ ಹಿಡಿಯಿತು. ಬಿಗಿದ ಮೇಲೆ ಜೋಡಿ ಜೋಡಿ ಕಡ್ಡಿಗಳನ್ನು ಅಂಗೈಯಲ್ಲಿ ಹಿಡಿದು ಹಿಸುಕಿ, ಮತ್ತೆ ಮೀಟಿ, ಮತ್ತೆ ಕಾಲು ತಿರುವು. ಎಲ್ಲಾ ಸೇರಿ ಎರಡು ಸಾವಿರದೊಳಗೆ ಆಯಿತು. "ನೂರೈವತ್ತು ಕಿಲೋಮೀಟ್ರು ಓಡ್ಸಿ, ಒಂದ್ಸಲ ತಂದು ತೋರ್ಸಿ. ದುಡ್ಡು ಬೇಡ."

ಇದಾಗಿ ಒಂಬತ್ತು ತಿಂಗಳು. ಒಂದು ಕಡ್ಡಿಯೂ ಮುರಿದಿಲ್ಲ. ಗುಮಾಸ್ತರ ತೂಕ 106ಕ್ಕೆ ಬಂದಿದೆ. ಚಾಮುಂಡಿ ಬೆಟ್ಟವನ್ನು ಅರ್ಧ ಹತ್ತಿದ್ದಾರೆ, ಇನ್ನರ್ಧ ಬಾಕಿ. ಸಾಬರಿಗೆ ಮಾತ್ರ ಕೆಲಸ ಕಲಿಯೋ ಹುಡುಗ ಸಿಕ್ಕಿಲ್ಲ.

ಹೋದ ತಿಂಗಳು ಗುಮಾಸ್ತರು ಅಣ್ಣನ ಮಗನಿಗೆ ಸೈಕಲ್ ಕೊಡಿಸಲು ಅದೇ ಅಂಗಡಿಗೆ ಹೋಗಿದ್ದರು. ಆ ಪಿಳ್ಳೆಯೂ 98 ಕಿಲೋ. "ಹಿಂದಿನ ಚಕ್ರಕ್ಕೆ ಎಷ್ಟು ಕಡ್ಡಿ ಮರಿ?" ಎಂದು ಕೇಳಿದರು. ಹುಡುಗ ತಲೆ ಕೆರೆದುಕೊಂಡು, ಚಕ್ರದ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಒಂದರಿಂದ ಎಣಿಸತೊಡಗಿದ.