ಗರತಿಯ ಹಾಡೂ ದಾಂಪತ್ಯದ ಕಾದಂಬರಿಯೂ

ಪ್ರೇಮ, ವಿವಾಹ, ವಿವಾಹದೊಳಗಿನ ಸಂಕಟ—ಇವನ್ನು ವಸ್ತುವಾಗಿ ಉಳ್ಳ ಕಾದಂಬರಿಗಳು ಆಂಗ್ಲ ಸಾಹಿತ್ಯದ ಪರಿಚಯದಿಂದ ನಮ್ಮಲ್ಲಿ ಹುಟ್ಟಿದುವೆಂದು ಸಾಮಾನ್ಯವಾಗಿ ಹೇಳುವುದುಂಟು. ಪ್ರಕಾರದ ಮಟ್ಟಿಗೆ ಇದು ಒಪ್ಪತಕ್ಕ ಮಾತೇ. ಆದರೆ ವಸ್ತುವಿನ ಮಟ್ಟಿಗೂ ಹಾಗೆಯೇ ಎಂದರೆ, ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯ ಬೀಸುಕಲ್ಲುಗಳು ಅದಕ್ಕೆ ಒಪ್ಪಲಾರವು. ಜನರ ಬಾಯಲ್ಲಿದ್ದ ಹಾಡು ದಾಂಪತ್ಯದ ಕಾದಂಬರಿಗೆ ಏನನ್ನು ಕೊಟ್ಟಿತು, ಏನನ್ನು ಕೊಡಲಾರದೆ ಹೋಯಿತು ಎಂಬುದನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶವು.

ಆಗಿನ ಇಂಡಿ ತಾಲ್ಲೂಕಿನ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ ಮೊದಲಾದ ಗೆಳೆಯರು ಕೂಡಿ ಹೆಣ್ಣುಮಕ್ಕಳ ಹಾಡುಗಳನ್ನು ಬರೆದಿಟ್ಟುಕೊಂಡು 1931ರಲ್ಲಿ ‘ಗರತಿಯ ಹಾಡು’ ಎಂಬ ಸಂಗ್ರಹವನ್ನು ಹೊರತಂದರು. ಅನಂತರ 1933ರಲ್ಲಿ ಲಾವಣಿಗಳನ್ನೊಳಗೊಂಡ ‘ಜೀವನ ಸಂಗೀತ’ವೂ 1935ರಲ್ಲಿ ‘ಮಲ್ಲಿಗೆ ದಂಡೆ’ಯೂ ಬಂದುವು. ಈ ಮೂರನ್ನೂ ಒಟ್ಟಿಗೆ ಇಟ್ಟು ಓದಿದವರಿಗೆ ನಮ್ಮ ಪ್ರಶ್ನೆಯ ಉತ್ತರವು ಬಹುಮಟ್ಟಿಗೆ ದೊರೆಯುವುದು.

ಗರತಿಯ ಹಾಡುಗಳ ಮುಖ್ಯ ಛಂದಸ್ಸು ತ್ರಿಪದಿ. ಸುಮಾರು ಕ್ರಿ. ಶ. 700ರ ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿಯೇ ಕಾಣುವ ಈ ಅಂಶವೃತ್ತದಲ್ಲಿ ಹನ್ನೊಂದು ಗಣಗಳು. ಅವುಗಳಲ್ಲಿ ಆರನೆಯದೂ ಹತ್ತನೆಯದೂ ಬ್ರಹ್ಮಗಣ, ಉಳಿದುವು ವಿಷ್ಣುಗಣ. ಹಾಡುವಾಗ ಎರಡನೆಯ ಸಾಲನ್ನು ಮರಳಿ ಹೇಳುವುದರಿಂದ ಮೂರು ಸಾಲು ನಾಲ್ಕಾಗಿ ಕೇಳಿಸುತ್ತದೆ. ಪ್ರತಿಯೊಂದು ತ್ರಿಪದಿಯೂ ತನ್ನಷ್ಟಕ್ಕೆ ಪೂರ್ಣ. ಅಲಂಕಾರಿಕರ ಮಾತಿನಲ್ಲಿ ಅದು ಮುಕ್ತಕ. ಅಮರುಕನ ಮುಕ್ತಕಗಳು ಒಂದೊಂದೂ ಪ್ರಬಂಧದಷ್ಟು ರಸವನ್ನು ಹೊತ್ತಿವೆಯೆಂದು ಆನಂದವರ್ಧನನು ‘ಧ್ವನ್ಯಾಲೋಕ’ದ ಮೂರನೆಯ ಉದ್ದ್ಯೋತದಲ್ಲಿ ಹೇಳಿದ್ದಾನೆ. ಪಾಠಶಾಲೆಯಲ್ಲಿ ಈ ಮಾತನ್ನು ಓದಿದಾಗ ನನಗೆ ನೆನಪಾದುದು ಅಮರುಕನಲ್ಲ. ಬೆಳಗಿನ ಜಾವ ಜೋಳ ಬೀಸುತ್ತಿದ್ದ ನಮ್ಮ ತಾಯಿ. ಮೂರು ಸಾಲಿನಲ್ಲಿ ಒಂದು ಸಂಸಾರವೇ ಅಡಗಿರುವುದನ್ನು ನಾನು ಮೊದಲು ಕಂಡುದು ಅಲ್ಲಿ.

ಆದರೆ ‘ಗರತಿ’ ಎಂಬ ಶಬ್ದವು ನಮ್ಮನ್ನು ಕೊಂಚ ದಾರಿತಪ್ಪಿಸಿದೆ. ಪಾಠ ಹೇಳುವ ನಾವು ಈ ಹಾಡುಗಳಿಂದ ಪತಿಭಕ್ತಿ, ತವರಿನ ಮಮತೆ, ತೊಟ್ಟಿಲ ಸುಖ ಇಷ್ಟನ್ನೇ ಆರಿಸಿ ಹೇಳುತ್ತ ಬಂದಿದ್ದೇವೆ. ಸವತಿಯ ಕಾಟ, ಬಂಜೆಯೆಂಬ ನಿಂದೆ, ಅತ್ತೆಯ ಕಟುನುಡಿ, ಗಂಡನ ಔದಾಸೀನ್ಯ ಇವೂ ಅದೇ ತ್ರಿಪದಿಯ ವಸ್ತುಗಳೇ. ತವರನ್ನು ಹೊಗಳುವ ಹಾಡೂ ಅನೇಕವೇಳೆ ಗಂಡನ ಮನೆಯ ಮೇಲಿನ ದೂರೇ ಆಗಿರುತ್ತದೆ. ಹೇಳಬಾರದುದನ್ನು ಹೇಳದೆಯೇ ತಿಳಿಸುವುದು ಧ್ವನಿಯಲ್ಲವೆ? ಸದ್ಗೃಹಿಣಿಯೆಂದರೆ ದುಃಖವಿಲ್ಲದವಳೆಂದಲ್ಲ, ದುಃಖವನ್ನು ಕಲ್ಲಿಗೆ ಹೇಳಿ ಹಿಟ್ಟನ್ನು ಮನೆಗೆ ಕೊಟ್ಟವಳು.

ಇನ್ನು ಲಾವಣಿಯ ಮಾತು. ಇದು ಮನೆಯೊಳಗಿನ ಹಾಡಲ್ಲ, ಸಭೆಯ ಹಾಡು. ಡಪ್ಪು ತುಂತುಣಿಗಳ ಮೇಳದಲ್ಲಿ ನಡೆಯುವುದು. ಹರದೇಶಿಯವರು ಗಂಡಿನ ಪಕ್ಷವನ್ನೂ ನಾಗೇಶಿಯವರು ಹೆಣ್ಣಿನ ಪಕ್ಷವನ್ನೂ ಹಿಡಿದು ರಾತ್ರಿಯೆಲ್ಲ ವಾದಿಸುವರು. ಹಲಸಂಗಿಯ ಖಾಜಾಭಾಯಿಯಂಥ ಲಾವಣಿಕಾರರಿಂದ ಈ ಸೀಮೆಯು ಪ್ರಸಿದ್ಧವಾಗಿದೆ. ಲಾವಣಿಯಲ್ಲಿ ಪ್ರೇಮಕ್ಕೆ ಧೈರ್ಯವುಂಟು, ಘಟನೆಗೆ ಕ್ರಮವುಂಟು. ಆದರೆ ಹೆಣ್ಣಿನ ಪಕ್ಷವೆಂಬುದು ವಾದದ ಪಕ್ಷವೇ ಹೊರತು ಒಬ್ಬ ಹೆಣ್ಣಿನ ಒಳದನಿಯಲ್ಲ. ಹೀಗೆ ವಿವಾಹವು ತ್ರಿಪದಿಯಲ್ಲಿಯೂ ಪ್ರೇಮವು ಲಾವಣಿಯಲ್ಲಿಯೂ ಬೇರೆಬೇರೆಯಾಗಿ ಉಳಿದುವು.

ಇವೆರಡೂ ಡಿಕ್ಕಿ ಹೊಡೆಯುವುದನ್ನು ನೋಡಬೇಕಾದರೆ ಉತ್ತರ ಕರ್ನಾಟಕದ ಸಣ್ಣಾಟಗಳಲ್ಲೊಂದಾದ, ಬೈಲಹೊಂಗಲದ ಘಟನೆಯನ್ನಾಧರಿಸಿದ್ದೆಂದು ಪ್ರಸಿದ್ಧವಾದ ‘ಸಂಗ್ಯಾ ಬಾಳ್ಯಾ’ಕ್ಕೆ ಬರಬೇಕು. ಈರಣ್ಣನ ಹೆಂಡತಿ ಗಂಗಿಯಲ್ಲಿ ಸಂಗ್ಯಾನು ಮನಸ್ಸಿಡುತ್ತಾನೆ. ಕೊನೆಗೆ ಗೆಳೆಯನಾದ ಬಾಳ್ಯಾನ ದ್ರೋಹದಿಂದ ಅವನ ಕೊಲೆಯಾಗುತ್ತದೆ. ಹಾಡಿನ ಬಲದಿಂದಲೇ ನಡೆಯುವ ಈ ಆಟದಲ್ಲಿ ಕಥೆಗೆ ಬೇಕಾದ ಕಾರ್ಯಕಾರಣಸಂಬಂಧವು ಪೂರ್ಣವಾಗಿದೆ. ಆದರೆ ಆಟದ ಹೆಸರಿನಲ್ಲಿ ಇಬ್ಬರು ಗಂಡಸರಿದ್ದಾರೆ, ಗಂಗಿ ಇಲ್ಲ. ಇದು ಆಕಸ್ಮಿಕವೆಂದು ನನಗೆ ತೋರುವುದಿಲ್ಲ.

ಆ ಕೊರತೆಯನ್ನು ತುಂಬಿದುದು ಕಾದಂಬರಿ. ಚಂದ್ರಶೇಖರ ಕಂಬಾರರ ‘ಸಿಂಗಾರೆವ್ವ ಮತ್ತು ಅರಮನೆ’ (1982) ಇದಕ್ಕೆ ಒಳ್ಳೆಯ ನಿದರ್ಶನ. ದೇಸಾಯಿಯ ಅರಮನೆಗೆ ಮದುವೆಯಾಗಿ ಹೋಗಿ, ಗಂಡನಿದ್ದೂ ದಾಂಪತ್ಯವನ್ನು ಕಾಣದ ಹೆಣ್ಣೊಬ್ಬಳ ಕಥೆಯದು. ಕರ್ತೃವು ಬೆಳಗಾವಿ ಸೀಮೆಯವರು. ಅವರು ಹಲಸಂಗಿಯ ಸಂಗ್ರಹದಿಂದ ಕಥೆಯನ್ನು ತೆಗೆದುಕೊಂಡರೆಂದು ನಾನು ಹೇಳುತ್ತಿಲ್ಲ. ನನ್ನ ಗಮನವಿರುವುದು ಕಥೆ ಹೇಳುವ ಕ್ರಮದ ಮೇಲೆ. ಸಿಂಗಾರೆವ್ವನ ದುಃಖವನ್ನು ನಮಗೆ ಹೇಳುವವಳು ಆಕೆಯ ಜೊತೆಗಾತಿಯಾದ ಶೀನಿಂಗವ್ವ. ಬೀಸುಕಲ್ಲಿನ ಗೂಟವನ್ನು ಇಬ್ಬರು ಹಿಡಿಯುತ್ತಾರೆ. ಒಬ್ಬಳು ಹಾಡಿದರೆ ಇನ್ನೊಬ್ಬಳು ಕೇಳುತ್ತಾಳೆ. ಆ ಕೇಳಿದವಳೇ ಇಲ್ಲಿ ಮಾತಾಡಿದ್ದಾಳೆ. ಬಾಣನ ‘ಕಾದಂಬರಿ’ಯಲ್ಲಿ ಗಿಳಿಯು ಶೂದ್ರಕನಿಗೆ ಪ್ರೇಮಕಥೆಯನ್ನು ಹೇಳುವುದು, ಅದೇ ಹೆಸರನ್ನು ಹೊತ್ತ ನಮ್ಮ ನೂತನ ಪ್ರಕಾರದಲ್ಲಿ ಗಿಳಿಯ ಸ್ಥಾನಕ್ಕೆ ಜೊತೆಗಾತಿಯು ಬಂದಳು.

ಆದ್ದರಿಂದ ಹಾಡು ಕಾದಂಬರಿಗೆ ಕೊಟ್ಟುದು ಕಥೆಯನ್ನಲ್ಲ. ಹೆಣ್ಣಿನ ದನಿಯನ್ನೂ ಅದನ್ನು ಕೇಳುವ ಕಿವಿಯನ್ನೂ. ಕೊಡಲಾರದೆ ಹೋದುದು ಘಟನೆಗಳ ಮುಂದುವರಿಕೆಯನ್ನು. ಹಿಟ್ಟಿನ ಗಿರಣಿಗಳು ಬಂದ ಮೇಲೆ ನಮ್ಮ ಹಳ್ಳಿಗಳಲ್ಲಿ ಬೀಸುಕಲ್ಲು ಸುಮ್ಮನಾಗಿದೆ. ಅಚ್ಚಿನಲ್ಲಿ ಉಳಿದ ತ್ರಿಪದಿಗಳನ್ನು ಸುಭಾಷಿತಗಳಂತೆ ಬಿಡಿಸಿ ಕಲಿಸಿದರೆ ಉಳಿದ ದನಿಯೂ ಅಡಗುವುದು. ಒಬ್ಬಳೇ ಗರತಿಯ ಬಾಳಿನ ಮಾತುಗಳೆಂದು ಭಾವಿಸಿ ಅವನ್ನು ಸಾಲಾಗಿ ಓದಿಸಿದರೆ ವಿದ್ಯಾರ್ಥಿಗಳಿಗೆ ಅಲ್ಲಿ ಬರೆಯದೆ ಉಳಿದ ಕಾದಂಬರಿಯೊಂದು ಕಾಣುವುದು. ಅಧ್ಯಾಪಕರು ಒಂದು ಸಲ ಇದನ್ನು ಪ್ರಯೋಗಿಸಿ ನೋಡಬೇಕೆಂದು ವಿನಂತಿ.